ಮಕ್ಕಳ ಮುಂದೆ ನಾನೂ ಬರೆದೆ

ಹೋದ ತಿಂಗಳು ತಾಲ್ಲೂಕಿನ ಕನ್ನಡ ಶಿಕ್ಷಕರ ಸಭೆಗೆ ನಮ್ಮ ಶಾಲೆ ಮಕ್ಕಳು ಬರೆದ ಪುಸ್ತಕ ತಗೊಂಡು ಹೋಗಿದ್ದೆ. 64 ಪುಟ, 38 ಬರಹ. ಊಟದ ಹೊತ್ತಿಗೆ ಅದು ಎಲ್ಲ ಬೆಂಚು ಸುತ್ತಿ ಬಂದಿತ್ತು. ‘ಇದೆಲ್ಲ ಸರ್ಕಾರಿ ಶಾಲ್ಯಾಗ ನಡೆಯಂಗಿಲ್ಲ ಮೇಡಂ, ಸುಮ್ನೆ ಪೋರ್ಷನ್ ಮುಗಿಸ್ರಿ’ ಅಂತ ಮೂರು ವರ್ಷದ ಹಿಂದೆ ಹೇಳಿದವರೇ ‘ನಮಗೂ ಒಂದು ಪ್ರತಿ ಕೊಡ್ರಿ’ ಅಂದರು. ಆಮೇಲೆ ಏಳೆಂಟು ಜನ ಫೋನ್ ಮಾಡಿ, ಹೇಗೆ ಮಾಡಿದಿರಿ ಅಂತ ಕೇಳಿದರು. ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಬ್ಯಾಡಗಿ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಕೆಲಸಕ್ಕೆ ಸೇರಿ 17 ವರ್ಷ ಆಯಿತು. ಮೂರು ವರ್ಷದ ಹಿಂದೆ ಒಂದು ಬರವಣಿಗೆ ಕಮ್ಮಟಕ್ಕೆ ಹೋದೆ. ಅದಕ್ಕೂ ಮುಂಚಿನ ನಾಲ್ಕೈದು ವರ್ಷ ಪಾಠ ಮಾಡುವುದೇ ಬೇಜಾರಾಗಿತ್ತು. ಪ್ರಬಂಧ ಅಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ನಾನು ಬರೆಸುವುದು, ಅವರು ಬಾಯಿಪಾಠ ಮಾಡುವುದು, ನಾನು ಕೆಂಪು ಪೆನ್ನು ಹಿಡಿದು ತಿದ್ದುವುದು. ಪರಿಸರ ಮಾಲಿನ್ಯದ ಮೇಲೆ 40 ಪ್ರಬಂಧ ಓದಿದರೂ ಒಂದನ್ನೇ 40 ಸಲ ಓದಿದ ಹಾಗೆ.

ಆ ವರ್ಷ ದಸರಾ ರಜೆಯಲ್ಲಿ ಧಾರವಾಡದಲ್ಲಿ ಶಿಕ್ಷಕರಿಗಾಗಿಯೇ ಐದು ದಿನದ ಬರವಣಿಗೆ ಕಮ್ಮಟ ಇತ್ತು. ಊಟ, ವಸತಿ, ಓಡಾಟ ಎಲ್ಲ ಸೇರಿ ಮೂರೂವರೆ ಸಾವಿರದಷ್ಟು ಖರ್ಚು, ಪೂರಾ ನನ್ನ ಕೈಯಿಂದ. ಮನೆಯಲ್ಲಿ ‘ಹಬ್ಬ ಬಿಟ್ಟು ಹೋಗ್ತೀಯಾ’ ಅಂದರು. ಹೋದೆ. ನಡೆಸಿಕೊಟ್ಟವರು 1974ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಶುರುವಾದ ಬೇ ಏರಿಯಾ ರೈಟಿಂಗ್ ಪ್ರಾಜೆಕ್ಟ್ ಬಗ್ಗೆ ಐದು ನಿಮಿಷ ಹೇಳಿದರು. ಬರೆಯುವುದನ್ನು ಕಲಿಸುವವರು ತಾವೂ ಬರೆಯಬೇಕು, ಅದೇ ಅದರ ಮೂಲ. ಅಷ್ಟು ಹೇಳಿ ‘ಈಗ ಬರೀರಿ’ ಅಂತ ಹಾಳೆ ಕೊಟ್ಟುಬಿಟ್ಟರು.

ನಮ್ಮಪ್ಪ ದರ್ಜಿ. ‘ನನ್ನ ತಂದೆ ಶ್ರಮಜೀವಿ, ಮಿತಭಾಷಿ’ ಅಂತ ಒಂದು ಪುಟ ಬರೆದು ಓದಿದೆ. ‘ಯಾಕೆ ಕಮ್ಮಿ ಮಾತಾಡ್ತಿದ್ರು?’ ಅಂತ ಒಂದೇ ಪ್ರಶ್ನೆ ಕೇಳಿದರು. ರಾತ್ರಿ ಮಲಗಿದಾಗ ನೆನಪಾಯಿತು. ಅಪ್ಪನ ತುಟಿ ನಡುವೆ ಯಾವಾಗಲೂ ಎರಡು ಮೂರು ಗುಂಡುಪಿನ್ನು ಇರುತ್ತಿದ್ದವು. ಶಾಲೆ ಫೀ ಕಟ್ಟಬೇಕು ಅಂದರೂ ಹ್ಞೂಂ, ಅಕ್ಕನಿಗೆ ಜ್ವರ ಅಂದರೂ ಹ್ಞೂಂ. ಬಾಯಿ ತೆರೆದರೆ ಪಿನ್ನು ಬೀಳುತ್ತಿತ್ತು. ಅದನ್ನು ಬರೆದೆ. ಓದುವಾಗ ಗಂಟಲು ಕಟ್ಟಿತು. ಬಿ.ಎಡ್. ಮುಗಿದ ಮೇಲೆ ಪಾಠ ಟಿಪ್ಪಣಿ, ವರದಿ, ಬಿಸಿಯೂಟದ ಲೆಕ್ಕ ಬಿಟ್ಟು ನಾನು ಬರೆದ ಮೊದಲ ಬರಹ ಅದು.

ವಾಪಸ್ ಬಂದವಳೇ ಹೋಲ್‌ಸೇಲ್ ಅಂಗಡಿಯಿಂದ 40 ನೋಟ್‌ಬುಕ್ ತಂದೆ, ಸಾವಿರ ರೂಪಾಯಿ ಹತ್ತಿರ ಆಯಿತು. ಎಂಟನೇ ತರಗತಿಗೆ ಕೊಟ್ಟು ‘ನಿಮ್ಮ ಅಜ್ಜಿ ಬಗ್ಗೆ ಮನಸ್ಸಿಗೆ ಬಂದದ್ದು ಬರೀರಿ’ ಅಂದೆ. ‘ನಮ್ಮ ಅಜ್ಜಿ ತುಂಬಾ ಒಳ್ಳೆಯವರು. ದಿನಾಲೂ ನೀತಿ ಕಥೆ ಹೇಳುತ್ತಾರೆ.’ ಎಲ್ಲರ ಮನೆಯಲ್ಲೂ ಅದೇ ಅಜ್ಜಿ. ಎರಡು ತಿಂಗಳು ಹೀಗೇ ಹೋಯಿತು.

ಆಮೇಲೆ ಅದಕ್ಕಿಂತ ದೊಡ್ಡ ತಪ್ಪು ಮಾಡಿದೆ. ಕಮ್ಮಟದಲ್ಲಿ ಮಾಡಿದ ಹಾಗೆ ನೋಟ್‌ಬುಕ್ ಅದಲು ಬದಲು ಮಾಡಿಸಿದೆ. ಒಬ್ಬ ಹುಡುಗ ಮನೆಯಲ್ಲಿ ಅಪ್ಪ ಕುಡಿದು ಬರುವುದನ್ನು ಬರೆದಿದ್ದ. ಪಕ್ಕದವನು ಅದನ್ನು ಜೋರಾಗಿ ಓದಿಬಿಟ್ಟ. ಹೊಡೆದಾಟ ಆಯಿತು. ಅವನ ತಾಯಿ ಶಾಲೆಗೆ ಬಂದಾಗ ನಾನು ಕೈಮುಗಿದು ತಪ್ಪಾಯಿತು ಅಂದೆ. ಅವತ್ತಿನಿಂದ ಒಂದು ನಿಯಮ: ಪುಟದ ಮೂಲೆ ಮಡಚಿದ್ದರೆ ಅದನ್ನು ಯಾರೂ ಓದುವಂತಿಲ್ಲ, ನಾನೂ ಓದಲ್ಲ. ಇದುವರೆಗೆ ಒಂದು ಸಲವೂ ಮುರಿದಿಲ್ಲ.

ತಿರುವು ಸಿಕ್ಕಿದ್ದು ಜನವರಿಯಲ್ಲಿ. ಮೆಣಸಿನಕಾಯಿ ಸೀಸನ್, ಅರ್ಧ ತರಗತಿ ಖಾಲಿ. ಇದ್ದವರಿಗೆ ಬರೆಯಲು ಹೇಳಿ ನಾನು ತಿದ್ದುತ್ತಾ ಕೂರುತ್ತಿದ್ದೆ. ಅವತ್ತು ತಿದ್ದಲು ಏನೂ ಇರಲಿಲ್ಲ. ಎದ್ದು ಕಪ್ಪುಹಲಗೆ ಮೇಲೆ ಅಪ್ಪನ ಪಿನ್ನಿನ ಕಥೆ ಹೊಸದಾಗಿ ಬರೆಯಲು ಶುರು ಮಾಡಿದೆ. ಎರಡು ಸಾಲು ಬರೆದೆ, ಒಂದನ್ನು ಹೊಡೆದು ಹಾಕಿದೆ. ಇನ್ನೊಂದು ಸಾಲು, ಅದನ್ನೂ ಅರ್ಧ ಅಳಿಸಿದೆ. ಹಿಂದಿನ ಬೆಂಚಿನಿಂದ ‘ಅಕ್ಕೋರ, ನೀವೂ ತಪ್ಪ ಬರೀತೀರಿ?’ ಅಂತ ಕೇಳಿತು. ‘ಹೂಂ, ಸರಿಯಾಗಿ ನೆನಪಾಗೋತನಕ ಬರೀಬೇಕು’ ಅಂದೆ. ಆಮೇಲೆ 20 ನಿಮಿಷ ಪೆನ್ನಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ.

ಅವತ್ತು ಒಬ್ಬ ಹುಡುಗಿ ಮೆಣಸಿನಕಾಯಿ ತೊಟ್ಟು ಬಿಡಿಸುವ ತನ್ನ ಅವ್ವನ ಬಗ್ಗೆ ಬರೆದದ್ದು ಇದು. ಅವಳನ್ನು ಕೇಳಿಯೇ ಹಾಕುತ್ತಿದ್ದೇನೆ: ‘ತೊಟ್ಟು ಬಿಡಿಸಿ ಬಂದ ದಿನ ಅವ್ವ ತಂಗೀನ ಮುಟ್ಟಂಗಿಲ್ಲ. ಕೈಗೆ ಎಣ್ಣಿ ಹಚ್ಚಿ ತೊಳದ್ರೂ ಉರೀತಾವಂತ. ತಂಗಿ ಅತ್ರ ನಾನ ಎತ್ಕೋಬೇಕು. ಅವ್ವ ದೂರ ಕುಂತು ಜೋಗುಳ ಹಾಡತಾಳ.’ ನಾಲ್ಕು ಸಾಲು. ಅಲ್ಲಿಯವರೆಗೆ ಇಂಥ ಬರಹ ನನ್ನ ತರಗತಿಯಲ್ಲಿ ಬಂದಿರಲಿಲ್ಲ.

ಒಂದು ಬರಹ ನಮ್ಮಲ್ಲಿ ಮೂರು ಸುತ್ತು ಹೋಗುತ್ತದೆ. ಭಾಷೆ ತಿದ್ದಬೇಡಿ, ಮೊದಲ ಸುತ್ತಿನಲ್ಲಂತೂ ಬೇಡವೇ ಬೇಡ. ಮನೆ ಮಾತಲ್ಲೇ ಬರಲಿ. ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಮೂರನೇ ಸುತ್ತಿಗೆ. ಎರಡನೇ ಸುತ್ತಿನಲ್ಲಿ ನಾನು ಬರೀ ಪ್ರಶ್ನೆ ಕೇಳುತ್ತೇನೆ. ಒಟ್ಟು ಆರು ಪ್ರಶ್ನೆ ಇವೆ. ಒಂದು, ಕಮ್ಮಟದಲ್ಲಿ ನನ್ನನ್ನು ಕೇಳಿದ ‘ಯಾಕೆ?’. ಉಳಿದ ಐದು ಇಲ್ಲಿ ಬರೆಯಲ್ಲ, ಮೂರು ವರ್ಷ ಒದ್ದಾಡಿ ಕಂಡುಕೊಂಡದ್ದು. ಶಾಲೆಗೆ ಬಂದು ಕೂತು ನೋಡಿದವರಿಗೆ ಹೇಳುತ್ತೇನೆ.

ನಡುವೆ ಮೊಬೈಲಿನಲ್ಲಿ ಮಾತಾಡಿ ಟೈಪ್ ಮಾಡಿಸುವುದನ್ನೂ ನೋಡಿದೆ. ನಮ್ಮ ಕಡೆ ಮಾತು ಅದಕ್ಕೆ ಹತ್ತಲಿಲ್ಲ, ಬಿಟ್ಟೆ. ಆದರೆ ಬರೆಯಲು ತಡವರಿಸುವ ನಾಲ್ಕು ಮಕ್ಕಳಿಗೆ, ಮೊದಲು ಮಾತಾಡಿ ರೆಕಾರ್ಡ್ ಮಾಡಿ, ಆಮೇಲೆ ಕೇಳಿಕೊಂಡು ಬರೆಯುವುದು ಚೆನ್ನಾಗಿ ಹೊಂದಿತು. ವಾಸನೆಗಳ ಪಟ್ಟಿ ಮಾಡಿಸಿದ್ದೂ ಒಳ್ಳೆಯದಾಯಿತು. ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆ, ಕಡ್ಡಿ ಕಾಯಿಗೂ ಡಬ್ಬಿ ಕಾಯಿಗೂ ಘಾಟು ಬೇರೆ ಅಂತ ವಾದ ಮಾಡಿ ಎರಡು ಪುಟ ಬರೆದವನಿದ್ದಾನೆ.

ಪುಸ್ತಕಕ್ಕೆ 100 ಪ್ರತಿಗೆ ಒಂಬತ್ತೂವರೆ ಸಾವಿರ ಆಯಿತು. ಮೊದಲ ಸಲ 1,800 ರೂಪಾಯಿ ನೀರಿಗೆ ಹಾಕಿದ ಹಾಗಾಯಿತು. ‘ನುಡಿ’ ತಂತ್ರಾಂಶದ ಹಳೆ ಫಾಂಟಲ್ಲಿ ಟೈಪ್ ಮಾಡಿದ್ದೆ, ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್‌ ಅಕ್ಷರಕ್ಕೆ ಹೋಗುವಾಗ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಕರಡು ನೋಡದೆ ಅಚ್ಚಿಗೆ ಕೊಟ್ಟಿದ್ದೆ. ನೀವು ಮೊದಲಿನಿಂದಲೇ ಯೂನಿಕೋಡ್‌ನಲ್ಲಿ ಮಾಡಿ. ಹಳೆ ವಿದ್ಯಾರ್ಥಿಗಳು ನಾಲ್ಕು ಸಾವಿರ ಕೊಟ್ಟರು, ಹೆಡ್‌ಮಾಸ್ಟರ್ ಎರಡು ಸಾವಿರ, ಉಳಿದದ್ದು ನನ್ನದು.

ಅಂಕದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೊದಲ ತಂಡ ಈ ಸಲ ಎಸ್ಸೆಸ್ಸೆಲ್ಸಿ ಬರೆಯಿತು. ಕನ್ನಡದಲ್ಲಿ 125ಕ್ಕೆ 82ರ ಆಸುಪಾಸು ಇರುತ್ತಿದ್ದ ಸರಾಸರಿ 97ರ ಹತ್ತಿರ ಬಂದಿದೆ. ಗಾದೆ, ಪತ್ರ, ಪ್ರಬಂಧ ಯಾವುದನ್ನೂ ಒಬ್ಬರೂ ಖಾಲಿ ಬಿಟ್ಟಿಲ್ಲ. ಪೋರ್ಷನ್ನೂ ಮುಗಿದಿತ್ತು.

ಈ ವರ್ಷದ ನೋಟ್‌ಬುಕ್ ಆಗಲೇ ತಂದಿಟ್ಟಿದ್ದೇನೆ, ನಾಲ್ಕು ಜಾಸ್ತಿನೇ ಇವೆ. ಶನಿವಾರ ಎರಡನೇ ಅವಧಿ ನಮ್ಮದು. ಬರುವವರು ಬನ್ನಿ. ಆದರೆ ಹಿಂದೆ ಕೂತು ಸುಮ್ನೆ ನೋಡುವ ಹಾಗಿಲ್ಲ, ನಿಮಗೂ ಒಂದು ನೋಟ್‌ಬುಕ್ ಕೊಡ್ತೀನಿ.