ರೇಸ್ ಬಿಟ್ಟ ಕುದುರೆಗೆ ಮೊದಲು ನಡಿಗೆ

ಬೆಂಗಳೂರು, ಮೈಸೂರು ಕಡೆಯ ರೇಸ್ ಮುಗಿಸಿದ ಥರೋಬ್ರೆಡ್ (ಓಟಕ್ಕೆಂದೇ ಬೆಳೆಸುವ ತಳಿ) ಕುದುರೆ ತಂದವರಿಗೆಲ್ಲ ಅದನ್ನು ಹತ್ತಿ ಓಡಿಸುವ ಆಸೆ. ನಾನು ಮೊದಲ ಕೆಲವು ತಿಂಗಳು ಜೀನನ್ನೇ ಹಾಕುವುದಿಲ್ಲ. "ಏನ್ ಸಾರ್, ಕುದುರೇನ ನಾಯಿ ಥರ ವಾಕಿಂಗ್ ಕರ್ಕೊಂಡು ಹೋಗ್ತೀರಲ್ಲ" ಅಂತ ಪಕ್ಕದ ತೋಟದವರು ನಗುತ್ತಾರೆ. ನಗಲಿ.

ಈ ಕುದುರೆಗಳು ಎರಡು ವರ್ಷಕ್ಕೇ ಓಟಕ್ಕೆ ಇಳಿದಿರುತ್ತವೆ. ಬೆನ್ನುಮೂಳೆ ಪೂರ್ತಿ ಬಲಿಯುವುದು ಮಾತ್ರ ಐದೂವರೆ, ಆರು ವರ್ಷಕ್ಕೆ. ಜೊತೆಗೆ, ಕುದುರೆ ಸುಮ್ನೆ ನಿಂತಾಗಲೂ ಮೈತೂಕದಲ್ಲಿ ನೂರಕ್ಕೆ ಸುಮಾರು 60ರಷ್ಟು ಮುಂಗಾಲಿನ ಮೇಲೇ ಇರುತ್ತದೆ. ನಾವು ಹತ್ತಿ ಕೂತರೆ ಆ ಭಾರ ಇನ್ನೂ ಜಾಸ್ತಿ. ಹಿಂಗಾಲು ಹೊಟ್ಟೆಯ ಕೆಳಗೆ ಬಂದು ಭಾರ ಹೊರಲು ಕಲಿಯದಿದ್ದರೆ ಮುಂಗಾಲಿನ ಕೀಲು, ಸ್ನಾಯುರಜ್ಜು ಸವೆಯುತ್ತವೆ, ಅಷ್ಟೇ.

ಈಗ ನನ್ನ ಲಾಯದಲ್ಲಿರುವ ಕಂದು ಕುದುರೆ ಎಡಕ್ಕೆ ತಿರುಗುವಾಗ ಕತ್ತು ಬಾಗಿಸುತ್ತಿತ್ತು, ಪಕ್ಕೆ ಬಾಗುತ್ತಿರಲಿಲ್ಲ. ಕೆಲಸಕ್ಕೆ ಮೊದಲು ಒಂದಿಷ್ಟು ಒಣಹುಲ್ಲು ಹಾಕುತ್ತೇನೆ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಇಡೀ ದಿನ ಒಸರುತ್ತಲೇ ಇರುತ್ತದೆ, ಖಾಲಿ ಹೊಟ್ಟೆಯಲ್ಲಿ ಓಡಾಡಿಸಿದರೆ ಹುಣ್ಣಾಗುವ ಭಯ. ಕಡಿವಾಣ ಬೇಡ, ಮುಖಪಟ್ಟಿ ಸಾಕು. ರೇಸ್ ಕುದುರೆ ಲಗಾಮು ಎಳೆದರೆ ನಿಲ್ಲುವುದಿಲ್ಲ, ಅದರ ಮೇಲೇ ಒರಗಿ ಇನ್ನೂ ಜೋರಾಗಿ ಹೋಗುತ್ತದೆ.

ನೆಲದಲ್ಲಿ ಸರ್ವೆ ಗಳಗಳನ್ನು ಎರಡೂಮುಕ್ಕಾಲು ಅಡಿಗೊಂದರಂತೆ ಇಟ್ಟು ನಿಧಾನ ದಾಟಿಸುತ್ತೇನೆ. ಆಮೇಲೆ ಶೋಲ್ಡರ್-ಇನ್. 18ನೇ ಶತಮಾನದ ಫ್ರೆಂಚ್ ಕುದುರೆ ಸವಾರಿ ಗುರು ಲಾ ಗೆರಿನಿಯೇರ್ ರೂಪಿಸಿದ ಕಸರತ್ತು ಇದು. ಬೇಲಿಗುಂಟ ನಡೆಯುತ್ತಾ ಎಡಗೈಯಲ್ಲಿ ಕೆನ್ನೆಯ ಹತ್ತಿರ ಹಗ್ಗ ಹಿಡಿದು ಭುಜವನ್ನು ಸ್ವಲ್ಪ ಒಳಕ್ಕೆ ತರುತ್ತೇನೆ. ಬಲಗೈಯ ಸಣ್ಣ ಕೋಲು ಪಕ್ಕೆಗೆ ತಾಗಿದರೆ ತಾಗಿತು ಅನ್ನುವಷ್ಟು. ಒಳಗಿನ ಹಿಂಗಾಲು ಹೊಟ್ಟೆಯಡಿಗೆ ಬಂತೋ, ಅದೇ ಕ್ಷಣ ಕೈ ಸಡಿಲ. ಒಂದೆರಡು ಹೆಜ್ಜೆಗೇ ಕತ್ತು ಇಳಿಯುತ್ತದೆ, ಮೂಗಿನಿಂದ 'ಫುರ್ರ್' ಅಂತ ಉಸಿರು, ಬಾಯಿಯನ್ನು ಮೆಲ್ಲಗೆ ಅಗಿಯುವಂತೆ ಆಡಿಸುತ್ತದೆ. ಅಲ್ಲಿಗೆ ನಿಲ್ಲಿಸಿಬಿಡಬೇಕು. ಇನ್ನೊಂದು ಸುತ್ತು ಅಂದರೆ ಕೆಟ್ಟಿತು.

ಲಂಜ್ ಹಗ್ಗದಲ್ಲಿ (ನಡುವೆ ನಿಂತು ಕುದುರೆಯನ್ನು ಸುತ್ತ ಓಡಿಸುವ ಉದ್ದ ಹಗ್ಗ) ಸಣ್ಣ ಸುತ್ತು ತಿರುಗಿಸುವುದು ನನಗೆ ಸರಿಬರುವುದಿಲ್ಲ, ಕೀಲಿಗೆ ಪೆಟ್ಟು. 20 ಮೀಟರ್ ಅಗಲವಾದರೂ ಬೇಕು.

ಹತ್ತಿಸಿಕೊಳ್ಳುವುದೂ ಹೊಸ ಪಾಠ. ಜಾಕಿಯನ್ನು ನಡೆಯುತ್ತಿರುವಾಗಲೇ ಎತ್ತಿ ಕೂರಿಸುತ್ತಾರೆ, ಸ್ಟೂಲ್ ಪಕ್ಕ ನಿಲ್ಲುವುದು ಅದಕ್ಕೆಲ್ಲಿ ಗೊತ್ತು? ಸ್ಟೂಲ್ ಹತ್ತಿ, ಬೆನ್ನ ಮೇಲೆ ಒರಗಿ, ಇಳಿದು, ಕ್ಯಾರೆಟ್ ತುಂಡು ಕೊಟ್ಟು ಸುಮ್ಮನಾಗುತ್ತಿದ್ದೆ.

ವಾರಕ್ಕೊಮ್ಮೆ ಗಟ್ಟಿ ನೆಲದ ಮೇಲೆ ನೇರವಾಗಿ ಕುಕ್ಕುಲೋಟ ಓಡಿಸಿ ತಲೆ ನೋಡುತ್ತೇನೆ. ನೋವಿರುವ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ. ಹಾಗಾದರೆ ಅವತ್ತು ಕೆಲಸ ಬಂದ್, ಡಾಕ್ಟರಿಗೆ ಫೋನ್. ನೋವಿನ ಇಂಜೆಕ್ಷನ್ ಚುಚ್ಚಿ ಸವಾರಿ ಮುಂದುವರಿಸುವವರನ್ನು ಕಂಡರೆ ನನಗಾಗದು.

ಈಗ ಜೀನು ಹಾಕುತ್ತೇನೆ. ಇಪ್ಪತ್ತು ನಿಮಿಷದ ಸವಾರಿ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ನಡಿಗೆಯೇ. ನಾಗಾಲೋಟ ಯಾವಾಗ ಅಂತ ಕೇಳುತ್ತಾರೆ. ಎಡಕ್ಕೂ ಬಲಕ್ಕೂ ಒಂದೇ ಥರ ಬಾಗುವ ತನಕ ಇಲ್ಲ.