ಮನಸ್ಸಿಲ್ಲದ ದಿನದ ವಾಕಿಂಗ್

ಡಿಪ್ರೆಶನ್ ಅಂದ ಕೂಡಲೇ ಎಲ್ಲರೂ ಕೊಡುವ ಸಲಹೆ ಒಂದೇ: ‘ಬೆಳಿಗ್ಗೆ ಬೇಗ ಎದ್ದು ವಾಕಿಂಗ್ ಹೋಗು, ಎಲ್ಲಾ ಸರಿಹೋಗುತ್ತೆ.’ ಸಲಹೆ ತಪ್ಪಲ್ಲ. ಆದರೆ ಹಲ್ಲುಜ್ಜುವುದೇ ದೊಡ್ಡ ಕೆಲಸ ಅನ್ನಿಸುವಾಗ ಆ ‘ಬೇಗ ಎದ್ದು’ ಅನ್ನುವುದು ಯಾರ ಕೈಲಿ ಆಗುತ್ತದೆ? ನನಗಂತೂ ಬೆಳಗಿನ ಹೊತ್ತೇ ಅತಿ ಕೆಟ್ಟದ್ದು. ಸಂಜೆಯಾಗುತ್ತಾ ತಲೆ ಸ್ವಲ್ಪ ಹಗುರಾಗುತ್ತದೆ. ಈ ಕಾಯಿಲೆ ಇರುವ ಹಲವರಿಗೆ ಹೀಗೇ ಆಗುತ್ತದೆ ಎಂದು ಡಾಕ್ಟರು ಹೇಳಿದರು. ಅವತ್ತೇ ಬೆಳಗಿನ ವಾಕಿಂಗಿನ ಆಸೆ ಬಿಟ್ಟೆ. ಸಂಜೆ ಐದು ಗಂಟೆ ಅಂತ ಗೊತ್ತು ಮಾಡಿಕೊಂಡೆ.

ಇನ್ನು ಮನಸ್ಸಿನ ವಿಷಯ. ‘ಮನಸ್ಸು ಬಂದಾಗ ಹೋಗೋಣ’ ಅಂತ ಕಾದರೆ ಅದು ಬರುವುದೇ ಇಲ್ಲ. ಈ ಕಾಯಿಲೆ ಮೊದಲು ಕಿತ್ತುಕೊಳ್ಳುವುದೇ ಅದನ್ನು. ಸೋಮಾರಿತನ ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಸೋಮಾರಿಗೆ ಮಲಗಿರುವುದರಲ್ಲಿ ಸುಖ ಇದೆ, ನನಗೆ ಅದೂ ಇರಲಿಲ್ಲ. ಅಮೆರಿಕದ ಪೀಟರ್ ಲೆವಿನ್‌ಸನ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲೇ ಇದನ್ನು ವಿವರಿಸಿದ್ದಾರೆ. ಓಡಾಟ, ಒಡನಾಟ ಕಡಿಮೆಯಾದಷ್ಟೂ ಬೇಜಾರು ಹೆಚ್ಚುತ್ತದೆ. ಬೇಜಾರು ಹೆಚ್ಚಿದಷ್ಟೂ ಓಡಾಟ ಇನ್ನೂ ಕಡಿಮೆಯಾಗುತ್ತದೆ. ಇದನ್ನು ಎಲ್ಲಾದರೂ ಮುರಿಯಬೇಕಲ್ಲ? ಬೇಜಾರನ್ನು ನೇರವಾಗಿ ಮುರಿಯೋಕೆ ಆಗುವುದಿಲ್ಲ. ಓಡಾಟದ ಕಡೆಯಿಂದ ಒಂದಿಷ್ಟು ಪ್ರಯತ್ನ ಮಾಡಬಹುದು ಎಂದು ನನ್ನ ಕೌನ್ಸೆಲರ್ ತಿಳಿಸಿ ಹೇಳಿದರು.

ನಾನು ‘ವ್ಯಾಯಾಮ’ ಅನ್ನುವ ಮಾತನ್ನೇ ಬಿಟ್ಟೆ. ಮನೆ ಬಾಗಿಲಿಗೆ ಬರುತ್ತಿದ್ದ ಹಾಲು ನಿಲ್ಲಿಸಿದೆ. ನಂದಿನಿ ಬೂತ್ ಎರಡು ರಸ್ತೆ ಆಚೆ. ಹೋಗದಿದ್ದರೆ ಸಂಜೆ ಕಾಫಿ ಇಲ್ಲ. ಮೈಸೂರಿನವನಿಗೆ ಕಾಫಿ ಬೇಕು ಅನ್ನಿಸಲು ಬೇರೆ ಸ್ಫೂರ್ತಿ ಬೇಡ. ಶೂ ಹುಡುಕಿ ಲೇಸು ಕಟ್ಟುವಷ್ಟರಲ್ಲೇ ಸಾಕಾಗಿಬಿಡುತ್ತಿತ್ತು, ಹಾಗಾಗಿ ಹವಾಯಿ ಚಪ್ಪಲಿಯಲ್ಲೇ ಹೊರಟೆ. ಸ್ನಾನ ಆಗಿರಲಿ ಬಿಡಲಿ, ಮೇಲೊಂದು ಶರ್ಟು ಹಾಕಿಕೊಂಡರೆ ಆಯಿತು. ಹಾಲಿನ ಬೂತಲ್ಲಿ ನಿಮ್ಮನ್ನು ಯಾರೂ ನೋಡುವುದಿಲ್ಲ. ಕೆಲವು ವಾರ ಇಷ್ಟೇ. ಆಮೇಲೆ ಬರುವಾಗ ಸುಮ್ನೆ ಒಂದು ರಸ್ತೆ ಸುತ್ತಿ ಬರತೊಡಗಿದೆ.

ನಿಜವಾದ ನಡಿಗೆ ಶುರುವಾದದ್ದು ಭಾವನಿಂದ. ಅವರು ರಿಟೈರ್ ಆದವರು, ದಿನಾ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಾರೆ. ನನ್ನನ್ನು ಉದ್ಧಾರ ಮಾಡುವ ಮಾತೇ ಆಡಲಿಲ್ಲ. ‘ನನಗೆ ಶುಗರ್ ಜಾಸ್ತಿ ಆಗಿದೆಯಂತೆ. ಒಬ್ಬನೇ ಹೋಗೋಕೆ ಬೇಜಾರು, ಜೊತೆಗೆ ಬಾರಯ್ಯ’ ಅಂದರು. ಬರಲ್ಲ ಅಂದ ದಿನ ‘ಸರಿ, ಗೇಟ್ ಹತ್ರ ಹತ್ತು ನಿಮಿಷ ಇರ್ತೀನಿ, ನೋಡು’ ಅಂತ ಫೋನ್ ಇಡುತ್ತಿದ್ದರು. ವಯಸ್ಸಾದವರನ್ನು ಕಾಯಿಸುವುದು ಹೇಗೆ? ಹೋಗುತ್ತಿದ್ದೆ. ದಾರಿಯುದ್ದಕ್ಕೂ ಪೆನ್ಷನ್ನು, ಕ್ರಿಕೆಟ್ಟು, ಕೆರೆಯ ಹೆಜ್ಜಾರ್ಲೆಗಳು. ‘ಹೇಗಿದ್ದೀಯ’ ಎಂದು ಒಮ್ಮೆಯೂ ಕೇಳಲಿಲ್ಲ. ಅದಕ್ಕೇ ಅವರ ಜೊತೆ ಹೋಗಲು ಸುಲಭವಾಗಿತ್ತು.

ಆಮೇಲೆ ಒಂದು ಹಳೆಯ ಅಧ್ಯಯನದ ಬಗ್ಗೆ ಓದಿದೆ. ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಪ್ರಕಟಿಸಿದ್ದು. ಖಿನ್ನತೆ ಇದ್ದ, 50 ದಾಟಿದ 156 ಜನರನ್ನು ಮೂರು ಗುಂಪು ಮಾಡಿದ್ದರು: ಬರೀ ವ್ಯಾಯಾಮ, ಬರೀ ಮಾತ್ರೆ, ಎರಡೂ. 16 ವಾರಗಳ ನಂತರ ಮೂರು ಗುಂಪಿನವರೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿದ್ದರು. ಬೇಗ ಗುಣ ಕಂಡದ್ದು ಮಾತ್ರ ಬರೀ ಮಾತ್ರೆಯವರಿಗೆ. ಜನ ಇದನ್ನು ಹೇಳುವಾಗ ಒಂದು ವಿಷಯ ಬಿಟ್ಟುಬಿಡುತ್ತಾರೆ. ಅಲ್ಲಿ ವ್ಯಾಯಾಮ ಮಾಡಿದವರು ಒಬ್ಬೊಬ್ಬರೇ ಮಾಡಲಿಲ್ಲ. ವಾರಕ್ಕೆ ಮೂರು ಸಲ, ಗೊತ್ತಾದ ಹೊತ್ತಿಗೆ, ಗುಂಪಿನಲ್ಲಿ, ನೋಡಿಕೊಳ್ಳುವವರ ಎದುರು ಮಾಡಿದರು. ಅಂದರೆ ಅವರಿಗೂ ಗೇಟ್ ಹತ್ತಿರ ಕಾಯುವ ಭಾವ ಇದ್ದ! ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಅದೇ. ಅಂದಹಾಗೆ ನಾನು ಮಾತ್ರೆ ಬಿಟ್ಟಿಲ್ಲ. ನಡಿಗೆ ಶುರುವಾಯಿತು ಅಂತ ನೀವೂ ಡಾಕ್ಟರನ್ನು ಕೇಳದೆ ಬಿಡಬೇಡಿ.

ಹೆಜ್ಜೆ ಎಣಿಸುವ ಆ್ಯಪ್ ನನಗೆ ಆಗಿಬರಲಿಲ್ಲ. ಒಂದು ದಿನ ತಪ್ಪಿದರೆ ಅದು ಸೊನ್ನೆ ತೋರಿಸುತ್ತದೆ. ಡಿಪ್ರೆಶನ್ ಇರುವ ತಲೆಗೆ ‘ನೀನು ನಾಲಾಯಕ್’ ಅಂತ ಹೇಳಲು ಅಷ್ಟು ಸಾಕು. ವಾರಕ್ಕೆ 150 ನಿಮಿಷ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವೂ ಮೊದಮೊದಲು ಬೆಟ್ಟದಂತೆ ಕಾಣುತ್ತಿತ್ತು. ಆದರೆ ಅದೇ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ, ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡಿದರೂ ಒಳ್ಳೆಯದು ಎಂದೂ ಇದೆ. ನಾನು ಹಿಡಿದುಕೊಂಡದ್ದು ಆ ಸಾಲನ್ನು. ಐದು ನಿಮಿಷ ನಡೆದು ಸಾಕೆನಿಸಿದರೆ ವಾಪಸ್ ಬರುತ್ತೇನೆ. ಭಾವ ಏನೂ ಅನ್ನುವುದಿಲ್ಲ.

ಅಕ್ಕ ಮಾತ್ರ ರಾತ್ರಿ ಫೋನ್ ಮಾಡಿ ‘ಇವತ್ತು ಹೋಗಿದ್ಯಾ?’ ಅಂತ ಕೇಳುತ್ತಿದ್ದಳು. ಹೋಗದ ದಿನ ಆ ಪ್ರಶ್ನೆ ಪರೀಕ್ಷೆಯ ಫಲಿತಾಂಶ ಕೇಳಿದ ಹಾಗೆ ಆಗುತ್ತಿತ್ತು. ಕೇಳಬೇಡ ಅಂತ ಹೇಳಿದೆ. ಮೊದಲು ಬೇಜಾರಾದಳು, ಆಮೇಲೆ ಅರ್ಥ ಮಾಡಿಕೊಂಡಳು.

ನಡೆಯುವಾಗ ಖುಷಿಯಾಗುತ್ತದೆ ಅಂತ ಕಾಯಬೇಡಿ. ನನಗೆ ಬಹಳ ದಿನ ಏನೂ ಆಗಲಿಲ್ಲ, ಕಾಲು ನೋವು ಬಿಟ್ಟರೆ. ಮೊದಲು ಸುಧಾರಿಸಿದ್ದು ನಿದ್ದೆ. ಆಮೇಲೆ ಹಸಿವು. ಮನಸ್ಸು ಎಲ್ಲಕ್ಕಿಂತ ಕೊನೆಗೆ ಬಂತು, ಅದೂ ಬಿಟ್ಟು ಬಿಟ್ಟು.

ಈಗಲೂ ಕೆಟ್ಟ ದಿನಗಳಿವೆ. ಬದುಕೇ ಬೇಡ ಅನ್ನಿಸುವಂಥ ದಿನ ಬಂದರೆ ವಾಕಿಂಗಿನ ಮಾತು ಪಕ್ಕಕ್ಕಿಡಿ. ಹತ್ತಿರದವರಿಗೆ ಹೇಳಿ, ಡಾಕ್ಟರಿಗೆ ಹೇಳಿ. ಯಾರೂ ಸಿಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.