ಟೆಂಪ್ ಡೈರೆಕ್ಟರಿಯಲ್ಲಿಟ್ಟ ಫೈಲ್ ಎಷ್ಟು ದಿನ ಉಳಿಯುತ್ತದೆ? ನೀವೇ ಪರೀಕ್ಷಿಸಿ

ಮೇಲ್‌ನಲ್ಲಿ ಬಂದ ದಾಖಲೆಯನ್ನು ಅಲ್ಲಿಂದಲೇ ತೆರೆದು, ಎರಡು ಗಂಟೆ ಕುಳಿತು ತಿದ್ದಿ, ಸೇವ್ ಒತ್ತಿ, ಕಂಪ್ಯೂಟರ್ ಆರಿಸುತ್ತೀರಿ. ಮರುದಿನ ನೋಡಿದರೆ ಫೈಲ್ ಇಲ್ಲ. ಲಿನಕ್ಸ್‌ಗೆ ಹೊಸದಾಗಿ ಬಂದಾಗ ನನಗೂ ಹೀಗಾಗಿತ್ತು. ಮೇಲ್ ತಂತ್ರಾಂಶ ಆ ದಾಖಲೆಯನ್ನು ‘ಟಿಎಂಪಿ’ (/tmp) ಎಂಬ, ತಾತ್ಕಾಲಿಕ ಫೈಲ್‌ಗಳಿಗೆಂದೇ ಇರುವ ಟೆಂಪ್ ಡೈರೆಕ್ಟರಿಯಲ್ಲಿ ಇಳಿಸಿ ತೆರೆದಿತ್ತು. ನನ್ನ ತಿದ್ದುಪಡಿಗಳೆಲ್ಲ ಅಲ್ಲೇ ಸೇವ್ ಆಗಿದ್ದವು. ಇದನ್ನು ಬಳಕೆದಾರರ ತಪ್ಪು ಎಂದು ನಾನು ಒಪ್ಪುವುದಿಲ್ಲ. ಸೇವ್ ಆಯಿತು ಎಂದು ಪರದೆ ಹೇಳಿದರೆ ಯಾರಾದರೂ ನಂಬುತ್ತಾರೆ. ಲಿನಕ್ಸ್ ಅನುಸ್ಥಾಪಿಸುವಾಗಲೇ ಒಂದು ಸಾಲಿನಲ್ಲಿ ಈ ಎಚ್ಚರಿಕೆ ಕೊಡಬೇಕಿತ್ತು.

ಮೊದಲು, ನಿಮ್ಮ ಟಿಎಂಪಿ ಎಲ್ಲಿದೆ ಎಂದು ತಿಳಿಯಿರಿ. ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ತೆರೆದು ‘ಡಿಎಫ್’ (df) ಆದೇಶದ ಮುಂದೆ ಆ ಡೈರೆಕ್ಟರಿಯ ಹಾದಿ ಬರೆಯಿರಿ. ಉತ್ತರದ ಮೊದಲ ಅಂಕಣದಲ್ಲಿ ‘ಟಿಎಂಪಿಎಫ್‌ಎಸ್’ ಎಂದಿದ್ದರೆ ಅದು ಮೆಮೊರಿಯಲ್ಲಿದೆ. ಯಂತ್ರ ಆರಿಸಿದೊಡನೆ ಅಲ್ಲಿದ್ದುದೆಲ್ಲ ಹೋಗುತ್ತದೆ. ಅಳಿಸಿದ ಫೈಲ್ ಮರಳಿ ತರುವ ಉಪಕರಣಗಳಿಗೂ ಡಿಸ್ಕ್‌ನಲ್ಲಿ ಹುಡುಕಲು ಏನೂ ಉಳಿದಿರುವುದಿಲ್ಲ. ಲಿನಕ್ಸ್‌ನ ಬಗೆಗಳಲ್ಲಿ ಒಂದಾದ ಫೆಡೋರಾ 2013ರ ಜನವರಿಯಲ್ಲಿ ಬಂದ 18ನೇ ಆವೃತ್ತಿಯಿಂದಲೇ ಟಿಎಂಪಿಯನ್ನು ಹೀಗೆ ಮೆಮೊರಿಯಲ್ಲಿ ಇಡುತ್ತಿದೆ. ಇನ್ನೊಂದು ಬಗೆಯಾದ ಡೆಬಿಯನ್ ಈ ದಾರಿ ಹಿಡಿದದ್ದು 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಲ್ಲಿ.

ಯಂತ್ರವನ್ನು ಆರಿಸದೆ ವಾರಗಟ್ಟಲೆ ಓಡಿಸುವವರು ಎರಡನೆಯ ಸಂಗತಿಯನ್ನೂ ನೋಡಬೇಕು. ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಹಿನ್ನೆಲೆಯ ಕೆಲಸಗಳನ್ನು ಆರಂಭಿಸಿ ನೋಡಿಕೊಳ್ಳುವ ತಂತ್ರಾಂಶ) ಇರುವ ವ್ಯವಸ್ಥೆಯಲ್ಲಿ ಯಂತ್ರ ಆನ್ ಆದ 15 ನಿಮಿಷಕ್ಕೆ ಒಮ್ಮೆ, ಆಮೇಲೆ ದಿನಕ್ಕೊಮ್ಮೆ, ‘ಟೆಂಪ್‌ಫೈಲ್ಸ್’ ಎಂಬ ಕೆಲಸಗಾರ ಬಂದು ಗುಡಿಸಿ ಹೋಗುತ್ತಾನೆ. ‘ಸಿಸ್ಟಮ್‌ಡಿ-ಟೆಂಪ್‌ಫೈಲ್ಸ್’ (systemd-tmpfiles) ಆದೇಶಕ್ಕೆ ‘ಕ್ಯಾಟ್-ಕಾನ್ಫಿಗ್’ (--cat-config) ಆಯ್ಕೆ ಕೊಟ್ಟರೆ ಅವನಿಗಿರುವ ಸೂಚನೆಗಳೆಲ್ಲ ಪರದೆಗೆ ಬರುತ್ತವೆ. ಅದರಲ್ಲಿ ಟಿಎಂಪಿ ಇರುವ ಸಾಲು ಹುಡುಕಿ. ಸಾಲಿನ ಕೊನೆಯಲ್ಲಿ 10, ಅದಕ್ಕೆ ಅಂಟಿಕೊಂಡು ‘ಡಿ’ ಅಕ್ಷರ ಇದ್ದರೆ ಹತ್ತು ದಿನ ಯಾರೂ ಮುಟ್ಟದ ಫೈಲ್ ಅಳಿಸಿಹೋಗುತ್ತದೆ ಎಂದರ್ಥ. ‘ವಾರ್’ ಡೈರೆಕ್ಟರಿಯ ಒಳಗಿರುವ ಇನ್ನೊಂದು ಟಿಎಂಪಿಗೆ (/var/tmp) ಸಾಮಾನ್ಯವಾಗಿ 30 ದಿನ. ಇದು ಯಂತ್ರ ಆರಿಸಿದರೂ ಉಳಿಯುತ್ತದೆ. ಸಾಲಿನ ಕೊನೆಯಲ್ಲಿ ಅಂಕಿಯ ಬದಲು ಬರೀ ಅಡ್ಡಗೆರೆ ಇದ್ದರೆ ದಿನದ ಲೆಕ್ಕದ ಗುಡಿಸಾಟ ಇಲ್ಲ.

ಬೇರೆಯವರ ಮಾತು ನಂಬದೆ ನೀವೇ ನೋಡಿ ಎನ್ನಲು ಕಾರಣವಿದೆ. ಹೊಸದಾಗಿ ಡೆಬಿಯನ್ 13 ಹಾಕಿದ ಯಂತ್ರದಲ್ಲಿ ಈ 10 ಮತ್ತು 30 ದಿನಗಳ ನಿಯಮ ಜಾರಿಯಲ್ಲಿರುತ್ತದೆ. ಹಳೆಯ ಆವೃತ್ತಿಯಿಂದ ಮೇಲೇರಿಸಿದ ಯಂತ್ರದಲ್ಲಿ ಹಳೆಯ ನಡವಳಿಕೆಯನ್ನೇ ಉಳಿಸಿಕೊಟ್ಟಿದ್ದಾರೆ.

‘ಮುಟ್ಟದ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫೈಲನ್ನು ಓದಿದ ಹೊತ್ತು, ತಿದ್ದಿದ ಹೊತ್ತು, ಅದರ ಹೆಸರೋ ಅನುಮತಿಯೋ ಬದಲಾದ ಹೊತ್ತು ಎಲ್ಲವೂ ಗಡುವು ದಾಟಿರಬೇಕು. ಹಲವು ಫೈಲ್‌ಗಳನ್ನು ಒಂದಾಗಿ ಕಟ್ಟಿದ, ಹತ್ತು ವರ್ಷ ಹಳೆಯ ಟಾರ್ ಕಟ್ಟನ್ನು ಇಂದು ಬಿಚ್ಚಿದರೆ ಒಳಗಿನ ಫೈಲ್‌ಗಳು ಹಳೆಯ ದಿನಾಂಕವನ್ನೇ ತೋರಿಸುತ್ತವೆ. ಆದರೂ ಅವು ಇಂದೇ ಹೋಗುವುದಿಲ್ಲ, ಏಕೆಂದರೆ ಡಿಸ್ಕ್‌ನ ದಾಖಲೆಯಲ್ಲಿ ಅವು ಇಂದು ಹುಟ್ಟಿದವು.

ಒಂದು ಡೈರೆಕ್ಟರಿಯನ್ನು ಗುಡಿಸದೆ ಬಿಡಬೇಕೆಂದರೆ ‘ಇಟಿಸಿ’ ಒಳಗಿನ ‘ಟೆಂಪ್‌ಫೈಲ್ಸ್ ಡಾಟ್ ಡಿ’ (/etc/tmpfiles.d) ಡೈರೆಕ್ಟರಿಯಲ್ಲಿ ‘ಡಾಟ್ ಕಾನ್ಫ್’ (.conf) ಎಂದು ಕೊನೆಯಾಗುವ ಹೊಸ ಹೆಸರಿನ ಫೈಲ್ ಮಾಡಿ, ಅದರಲ್ಲಿ ಸಣ್ಣ ಅಕ್ಷರದ ‘ಎಕ್ಸ್’ (x), ಒಂದು ಖಾಲಿ ಜಾಗ, ಆಮೇಲೆ ಡೈರೆಕ್ಟರಿಯ ಪೂರ್ಣ ಹಾದಿ ಬರೆಯಿರಿ. ಇದಕ್ಕೆ ನಿರ್ವಾಹಕರ ಅನುಮತಿ ಬೇಕು. ಟಿಎಂಪಿ ಮೆಮೊರಿಯಲ್ಲಿದ್ದರೆ ಈ ಸಾಲು ರೀಬೂಟ್‌ನಿಂದ ಕಾಪಾಡುವುದಿಲ್ಲ. ಹಾಗಾಗಿ ನಾನು ಇದನ್ನು ದಿನಗಟ್ಟಲೆ ಓಡುವ ಕೆಲಸಗಳಿಗೆ ಮಾತ್ರ ಬಳಸುತ್ತೇನೆ. ಸ್ವಂತ ಕೆಲಸಕ್ಕೆ, ನನ್ನ ಫೈಲ್‌ಗಳೆಲ್ಲ ಇರುವ ಹೋಮ್ ಡೈರೆಕ್ಟರಿಯಲ್ಲೇ ‘ಕರಡು’ ಎಂಬ ಫೋಲ್ಡರ್ ಮಾಡಿಕೊಂಡಿದ್ದೇನೆ. ಮೇಲ್‌ನ ದಾಖಲೆಯನ್ನು ಮೊದಲು ಅಲ್ಲಿ ಉಳಿಸಿ, ಆಮೇಲೆ ತೆರೆಯುತ್ತೇನೆ.

ಕೈಯಾರೆ ಗುಡಿಸುವ ಆತುರ ಬೇಡ. ಈಗ ಓಡುತ್ತಿರುವ ತಂತ್ರಾಂಶಗಳು ಟಿಎಂಪಿಯಲ್ಲಿ ಸಾಕೆಟ್ (ತಂತ್ರಾಂಶಗಳು ಪರಸ್ಪರ ಮಾತಾಡುವ ಕೊಂಡಿ) ಮತ್ತು ಬೀಗದ ಫೈಲ್‌ಗಳನ್ನು ಇಟ್ಟುಕೊಂಡಿರುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಟೆಂಪ್‌ಫೈಲ್ಸ್ ಆದೇಶದ ‘ಪರ್ಜ್’ ಆಯ್ಕೆ. ಸೂಚನೆಗಳು ಸೃಷ್ಟಿಸುವುದನ್ನೆಲ್ಲ ಅದು ಅಳಿಸುತ್ತದೆ. 2024ರ ಜೂನ್‌ನಲ್ಲಿ ಬಂದ ಸಿಸ್ಟಮ್‌ಡಿ 256ರಲ್ಲಿ ಅದನ್ನು ಹಾಗೆಯೇ ಓಡಿಸಿದರೆ ಹೋಮ್ ಡೈರೆಕ್ಟರಿಯೂ ಅಳಿಸಿಹೋಗುತ್ತಿತ್ತು, ಏಕೆಂದರೆ ಹೋಮ್ ಅನ್ನು ಸೃಷ್ಟಿಸುವ ಸಾಲೂ ಅದೇ ಸೂಚನೆಗಳ ನಡುವೆ ಇದೆ. 256.1ರಿಂದ ಯಾವ ಸೂಚನಾ ಫೈಲ್ ಎಂದು ಹೆಸರಿಸದೆ ಅದು ಓಡುವುದಿಲ್ಲ.